ದೋಣಿ ಎಳೆಯಲು ಪೆಟ್ರೋಲೋ, ಡೀಸೆಲೋ?

ಐರ್ಲೆಂಡಿಗೆ ಬಂದ ಎರಡನೇ ವಾರ. ಗಾಲ್ವೇ ಪಟ್ಟಣದ ಬಸ್ ನಿಲ್ದಾಣವೊಂದರಲ್ಲಿ ಗಾಳಿಗೆ ತಿರುಚಿಕೊಂಡ ಕೊಡೆಯ ಜೊತೆ ಜಗಳವಾಡುತ್ತ ನಿಂತಿದ್ದೆ. ಆಗ ಎದುರಿನ ರಸ್ತೆಯಲ್ಲಿ ಒಂದು ದೋಣಿ ಬಂತು. ಟಾರು ಬಳಿದ ಕಪ್ಪು ಮೈ, ಉಬ್ಬಿದ ಹೊಟ್ಟೆ, ಮಲಗಿಸಿ ಕಟ್ಟಿದ ಹಾಯಿಕಂಬ. ಸಿಗ್ನಲ್ಲಿನಲ್ಲಿ ನಿಂತಿತು, ಹಸಿರು ಬಿದ್ದ ಮೇಲೆ ಹೊರಟಿತು, ಮುಂದಿನ ವೃತ್ತದಲ್ಲಿ ಸಭ್ಯವಾಗಿ ಸುತ್ತು ಹಾಕಿ ಎಡಕ್ಕೆ ತಿರುಗಿತು. ಅದನ್ನು ಎಳೆಯುತ್ತಿದ್ದ ಜೀಪು ನನ್ನ ಕಣ್ಣಿಗೆ ಬಿದ್ದದ್ದು ಎಲ್ಲವೂ ಮರೆಯಾಗುವ ಹೊತ್ತಿಗೆ.

ನಾನು ಮಲ್ಪೆಯವಳು, ದೋಣಿ ನೋಡದವಳಲ್ಲ. ಆದರೆ ನಮ್ಮಲ್ಲಿ ದೋಣಿ ನೀರು ಬಿಟ್ಟು ಮೇಲೆ ಬರಬೇಕಾದರೆ ಮಳೆಗಾಲ ಬರಬೇಕು. ಹಗ್ಗ ಹಿಡಿಯಲು ಮೂವತ್ತು ನಲವತ್ತು ಜನ ಸೇರಬೇಕು, ಐಸಾ ಎಂದು ಗಂಟಲು ಹರಿಯುವಂತೆ ಕೂಗಬೇಕು. ಅಷ್ಟೆಲ್ಲ ಆದ ಮೇಲೆ ಅದು ದಂಡೆಯ ತೆಂಗಿನ ಮರದ ಬುಡದವರೆಗೆ ಬಂದರೆ ಅದೇ ದೊಡ್ಡ ಪ್ರಯಾಣ. ಇಲ್ಲಿ ನೋಡಿದರೆ ದೋಣಿ ಬ್ಯಾಂಕು, ಔಷಧಿ ಅಂಗಡಿ ದಾಟಿಕೊಂಡು ಪೇಟೆಯೊಳಗೆ ಹೊರಟಿದೆ, ಪಕ್ಕದಲ್ಲಿ ನಿಂತಿದ್ದವರು ಯಾರೂ ತಲೆ ಎತ್ತಿಯೂ ನೋಡುತ್ತಿಲ್ಲ. ಬಾಯಿ ಬಿಟ್ಟುಕೊಂಡು ನಿಂತಿದ್ದರಿಂದ ನನ್ನ ಬಸ್ಸು ತಪ್ಪಿತು.

ಆರು ವರ್ಷಗಳ ನಂತರ ಅದೇ ದೋಣಿಯನ್ನು ಅದೇ ವೃತ್ತದಲ್ಲಿ ಎಳೆದುಕೊಂಡು ಹೋದವಳು ನಾನು. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಊರಿನಲ್ಲಿ ಯಾರಿಗಾದರೂ ಹೊಟ್ಟೆ ಉರಿದರೆ ಒಂದು ಲೋಟ ಮಜ್ಜಿಗೆ ಕುಡಿಯಿರಿ.

ನಾವು ಬಂದದ್ದು ನನ್ನ ಗಂಡ ಪ್ರಶಾಂತರ ಕೆಲಸದ ನೆಪದಲ್ಲಿ. ಅವರು ದಾವಣಗೆರೆಯವರು, ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಮೊದಲ ಮೂರು ತಿಂಗಳು ಒಂದೇ ಕೋಣೆಯಲ್ಲಿ ಕಳೆದೆವು. ಬಾಡಿಗೆ ಮನೆ ನೋಡಲು ಹೋದರೆ ಬಾಗಿಲ ಮುಂದೆ ರೇಷನ್ ಅಂಗಡಿಯಂತೆ ಸಾಲು. ಅಷ್ಟೂ ಜನ ಅದೇ ಅಡುಗೆಮನೆಯನ್ನು ಇಣುಕಿ ನೋಡಿ, ಅದೇ ನಗು ನಕ್ಕು ವಾಪಸಾಗುತ್ತಿದ್ದರು. ಕೊನೆಗೆ ಊರಿನ ಪೂರ್ವಕ್ಕೆ ಒಂದು ಮನೆ ಸಿಕ್ಕಿತು, ಪಾರ್ಕ್‌ಮೋರ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ನನಗೊಂದು ಕೆಲಸವೂ ಸಿಕ್ಕಿತು. ಹೃದಯದ ರಕ್ತನಾಳದೊಳಗೆ ತೂರಿಸುವ ಕೂದಲಿನಂಥ ಕೊಳವೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪಾಸು, ಫೇಲು ಮಾಡುವುದು ನನ್ನ ಕೆಲಸ. ಆದರೆ ನಾನೇ ಫೇಲಾದದ್ದು ಡ್ರೈವಿಂಗ್ ಪರೀಕ್ಷೆಯಲ್ಲಿ. ಊರಿನ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ, ಹದಿನೆಂಟರ ಮಕ್ಕಳ ಜೊತೆ ಕೂತು ಮೊದಲಿನಿಂದ ಕಲಿಯಬೇಕು. ಮೊದಲ ಸಲ ಫೇಲಾದ ಕಾರಣ ಏನು ಗೊತ್ತೇ? ಇಳಿಜಾರಿನಲ್ಲಿ ನಾನು ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದ್ದೆ. ಪರೀಕ್ಷಕ ಪುಣ್ಯಾತ್ಮನಿಗೆ ಗಾಬರಿಯಾಗಿಬಿಟ್ಟಿತು. ನನಗೆ ಅದು ಹುಟ್ಟಿನಿಂದ ಬಂದ ಜಾಣತನ. ಈ ಜಾಣತನವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂಟಿತನ ಅನ್ನುವುದು ಇಲ್ಲಿ ಮೊದಲು ಕಿವಿಗೆ ಬಡಿಯುತ್ತದೆ. ನಾನು ಬೆಳೆದದ್ದು ಸದ್ದಿನ ನಡುವೆ. ಅಪ್ಪನದು ಮಲ್ಪೆ ಬಂದರಿನ ಹತ್ತಿರ ಬೋಟಿನ ಎಂಜಿನ್ ರಿಪೇರಿ ಮಾಡುವ ಶೆಡ್. ತಮ್ಮ ಸ್ಪ್ಯಾನರ್ ಹಿಡಿದು ಒಳಗೆ ಹೋಗುತ್ತಿದ್ದ. ನನಗೆ ಮಾತ್ರ ಪ್ರವೇಶವಿರಲಿಲ್ಲ. ‘ಹೆಣ್ಣುಮಕ್ಕಳಿಗೆ ಇಲ್ಲಿ ಎಂತ ಕೆಲಸ? ಓದು ಹೋಗು’ ಅನ್ನುತ್ತಿದ್ದರು. ಶೆಡ್ಡಿನ ಬಾಗಿಲ ಹೊರಗೆ ಒಂದು ಖಾಲಿ ಆಯಿಲ್ ಡ್ರಮ್ ಇತ್ತು. ಶಾಲೆಯಿಂದ ಬಂದವಳು ಅದರ ಮೇಲೆ ಕೂತು ಮನೆಗೆಲಸದ ಲೆಕ್ಕ ಮಾಡುತ್ತಿದ್ದೆ. ಒಳಗೆ ಕಾಣುತ್ತಿರಲಿಲ್ಲ, ಆದರೆ ಕೇಳುತ್ತಿತ್ತು. ಯಾವ ಎಂಜಿನ್ ಕೆಮ್ಮುತ್ತಿದೆ, ಯಾವುದು ಸುಳ್ಳು ಸುಳ್ಳೇ ಗುಡುಗುತ್ತಿದೆ, ರಿಪೇರಿಯಾದ ಮೇಲೆ ಸ್ವರ ಹೇಗೆ ಬದಲಾಯಿತು ಎಲ್ಲವೂ ಕಿವಿಯಲ್ಲೇ ಕೂತುಬಿಟ್ಟಿತು. ಒಳಗೆ ಬಿಟ್ಟಿದ್ದರೆ ಬಹುಶಃ ನಾನೂ ಎಲ್ಲರಂತೆ ಕಣ್ಣಿನಿಂದಲೇ ಕಲಿಯುತ್ತಿದ್ದೆ.

ಗಾಲ್ವೇಯ ನಮ್ಮ ಬೀದಿಯಲ್ಲಿ ಮಳೆ, ಗಾಳಿ ಬಿಟ್ಟರೆ ಸದ್ದೇ ಇಲ್ಲ. ಮಗಳು ನಿಧಿಗೆ ಅದೇ ಸಹಜ, ಅವಳು ಇಲ್ಲಿಯೇ ಶಾಲೆಗೆ ಸೇರಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಐರಿಷ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ‘ಊಟ ಸಾಕಾ?’ ಅಂದರೆ ‘ಐ’ಮ್ ಗ್ರ್ಯಾಂಡ್, ಅಮ್ಮಾ’. ಈ ‘ಗ್ರ್ಯಾಂಡ್’ ಇಲ್ಲಿ ಸರ್ವರೋಗಕ್ಕೂ ಮದ್ದು. ಆರೋಗ್ಯವೂ ಗ್ರ್ಯಾಂಡ್, ಚಹಾವೂ ಗ್ರ್ಯಾಂಡ್, ಕಾಲು ಮುರಿದುಕೊಂಡು ಬಿದ್ದಿದ್ದರೂ ಗ್ರ್ಯಾಂಡ್.

ನಿಧಿಯ ಟೀಚರ್ ಬ್ರೀಡ್ ಎಂಬಾಕೆಯೇ ನನ್ನನ್ನು ದೋಣಿಯ ಹತ್ತಿರ ಕರೆದೊಯ್ದದ್ದು. ಆಕೆ ಎಂಟು ಜನ ಸೇರಿ ಇಟ್ಟುಕೊಂಡಿದ್ದ ಒಂದು ಹಳೆಯ ಹಾಯಿದೋಣಿಯ ಕ್ಲಬ್ಬಿನ ಕಾರ್ಯದರ್ಶಿ. ಈ ಜಾತಿಯ ದೋಣಿಗೆ ಇಲ್ಲಿ ಪುಕಾನ್ ಅನ್ನುತ್ತಾರೆ. ಹಿಂದೆ ದ್ವೀಪಗಳಿಗೆ ಒಣಗಿಸಿ ಸೌದೆಯಂತೆ ಒಲೆಗೆ ಹಾಕುವ ಜೌಗುಮಣ್ಣಿನ ಹೆಂಟೆ ಸಾಗಿಸುತ್ತಿದ್ದವಂತೆ, ಈಗ ಬೇಸಿಗೆಯಲ್ಲಿ ಸ್ಪರ್ಧೆಗೆ ಇಳಿಯುತ್ತವೆ. ಶೆಡ್ಡಿನೊಳಗೆ ಕಾಲಿಟ್ಟೆ, ನಾನು ಬಸ್ ನಿಲ್ದಾಣದಲ್ಲಿ ಕಂಡಿದ್ದ ಅದೇ ಕಪ್ಪು ಹೊಟ್ಟೆ ಎದುರಿಗಿತ್ತು. ಟಾರಿನ ವಾಸನೆಗೆ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಹಳೆಯ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ವಾಸನೆ ಬೇರೆ, ಆದರೆ ಮೂಗಿಗೆ ಅದೆಲ್ಲ ತಿಳಿಯುವುದಿಲ್ಲ.

ದೋಣಿಯ ನಾಯಕ ಪಾಡ್ರಿಕ್, ಎಪ್ಪತ್ತು ದಾಟಿದ ಗಟ್ಟಿ ಮನುಷ್ಯ. ಅವತ್ತು ಅವನು ನನಗೆ ಆರು ಬಂಗುಡೆ ಕೊಟ್ಟ. ಇಲ್ಲಿನವರು ಅದನ್ನು ಮ್ಯಾಕ್ರೆಲ್ ಅನ್ನುತ್ತಾರೆ, ನಮ್ಮದಕ್ಕಿಂತ ತೆಳ್ಳಗೆ, ಬೆನ್ನಿನ ಮೇಲೆ ಪಟ್ಟೆ. ಮಾರನೇ ಶನಿವಾರ ಮಸಾಲೆ ಹಚ್ಚಿ ಹುರಿದು ತಂದುಕೊಟ್ಟೆ. ಪಾಡ್ರಿಕ್ ಮೂರು ತಿಂದು, ಕೆಂಪಾದ ಮೂಗು ಒರೆಸಿಕೊಂಡು, ‘ನಾಟ್ ಬ್ಯಾಡ್’ ಅಂದ. ನನಗೆ ಬೇಸರವಾಯಿತು. ಆಮೇಲೆ ಬ್ರೀಡ್ ತಿಳಿಸಿ ಹೇಳಿದಳು, ಅವನು ತನ್ನ ಮದುವೆಯ ದಿನವೂ ಅದನ್ನೇ ಹೇಳಿದ್ದನಂತೆ.

ಹೀಗೆ ನಾನು ಒಂಬತ್ತನೆಯವಳಾದೆ. ಇವರು ಒಟ್ಟಾಗಿ ಮಾಡುವ ಕೆಲಸಕ್ಕೆ ಮೆಹಲ್ ಅನ್ನುತ್ತಾರೆ. ನಮ್ಮ ಗದ್ದೆ ಕಡೆಯ ಮುಯ್ಯಾಳಿನ ಪದ್ಧತಿಯೇ, ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ಅಂಥ ಒಂದು ಕೆಲಸದ ದಿನ ಕ್ಲಬ್ಬಿನ ಹಳೆ ಜೀಪನ್ನು ಯಾರೋ ಸ್ಟಾರ್ಟ್ ಮಾಡಿದರು. ನಾನು ದೋಣಿಯೊಳಗೆ ಕೂತು ಬಣ್ಣ ಕೆರೆಯುತ್ತಿದ್ದವಳು ತಲೆ ಎತ್ತದೆಯೇ ಹೇಳಿದೆ, ‘ನಾಲ್ಕರಲ್ಲಿ ಒಂದು ಸಿಲಿಂಡರ್ ಕೆಲಸ ಮಾಡ್ತಾ ಇಲ್ಲ. ಇಂಜೆಕ್ಟರ್ ನೋಡಿಸಿ.’ ಎಲ್ಲರೂ ನಕ್ಕರು. ಗ್ಯಾರೇಜಿನವನು ಅದನ್ನೇ ಹೇಳಿದ ಮೇಲೆ ನಗು ನಿಂತಿತು.

ಮುಂದಿನ ಚಳಿಗಾಲದಲ್ಲಿ ಆ ಜೀಪು ಸತ್ತೇಹೋಯಿತು. ಎಂಜಿನ್ ಸರಿಯಿತ್ತು, ಆದರೆ ದೋಣಿ ಇಳಿಸುವಾಗಲೆಲ್ಲ ಉಪ್ಪುನೀರಿಗೆ ಹಿಮ್ಮಡಿ ಇಟ್ಟೂ ಇಟ್ಟೂ ಅಡಿಯ ಚಾಸಿಸ್ ತಿಂದುಹೋಗಿತ್ತು. ಕ್ಲಬ್ಬಿನವರು ಸಭೆ ಸೇರಿದರು. ದೋಣಿ ಮಗುಚದಂತೆ ತಳದಲ್ಲಿ ತುಂಬುವ ಭಾರದ ಕಲ್ಲುಗಳನ್ನೆಲ್ಲ ಇಳಿಸಿದ ಮೇಲೂ ದೋಣಿ, ಟ್ರೈಲರ್ ಸೇರಿ ಮೂರು ಟನ್ನಿನ ಹತ್ತಿರ. ಅದನ್ನು ಎಳೆಯಲು ಒಂದು ದಮ್ಮಿನ ಪಿಕಪ್ ಬೇಕು. ಯಾವುದು ಕೊಳ್ಳಬೇಕು? ಪಾಡ್ರಿಕ್ ತಾನು ಸೇದುತ್ತಿದ್ದ ಪೈಪಿನ ತುದಿಯನ್ನು ನನ್ನ ಕಡೆ ತೋರಿಸಿ, ‘ಅವಳನ್ನ ಕೇಳಿ, ಅವಳಿಗೆ ಕಿವಿ ಇದೆ’ ಅಂದ. ಎಂಟು ತಲೆಗಳೂ ನನ್ನ ಕಡೆ ತಿರುಗಿದವು. ಹೊರಗಿನಿಂದ ಬಂದವಳ ಕೈಯಲ್ಲಿ ಊರಿನವರು ಇಟ್ಟ ನಂಬಿಕೆ ಎಂಥ ಭಾರದ್ದು ಅನ್ನುವುದು ವಲಸೆ ಬಂದವರಿಗೆ ಮಾತ್ರ ಗೊತ್ತು. ಊರಿನವರು ತಪ್ಪು ಮಾಡಿದರೆ ಅದು ಒಂದು ತಪ್ಪು. ನಾನು ಮಾಡಿದರೆ, ‘ಅವಳನ್ನು ಯಾಕೆ ಕೇಳಿದಿರಿ’ ಅನ್ನುವ ಮಾತು ಉಳಿಯುತ್ತದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಪ್ರಶಾಂತರದು ಪೆಟ್ರೋಲ್ ಪಕ್ಷ, ಮಲ್ಪೆಯಿಂದ ಫೋನಿನಲ್ಲಿ ಅಪ್ಪನದು ಡೀಸೆಲ್ ಪಕ್ಷ. ನಮ್ಮದು ತುಳು ಮಾತಾಡುವ ಮನೆಯಾದರೂ ಅಳಿಯನಿಗೂ ಮೊಮ್ಮಗಳಿಗೂ ತಿಳಿಯಲಿ ಎಂದು ಅಪ್ಪ ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

‘ಡೀಸೆಲ್ ಬಿಟ್ಟು ಬೇರೆ ಎಂತ ನೋಡ್ಲಿಕ್ಕೆ ಉಂಟು ಮಾರಾಯ್ತಿ? ಎಳೆಯುವ ಕೆಲಸಕ್ಕೆ ಡೀಸೆಲೇ ಆಗ್ಬೇಕು. ಪೆಟ್ರೋಲಿನದ್ದು ಓಡುವ ಕಾಲು, ಡೀಸೆಲಿನದ್ದು ಹೊರುವ ಬೆನ್ನು.’

‘ಮಾವ, ಅವು ಹಳೇ ಕಾಲದ ಡೀಸೆಲ್‌ಗಳು’ ಅಂತ ಪ್ರಶಾಂತ ಪಕ್ಕದಿಂದ ಕೂಗಿದರು. ‘ಈಗಿನವುಕ್ಕೆ ಹೊಗೆ ಕೊಳವೆಯಲ್ಲೇ ಒಂದು ಫಿಲ್ಟರ್ ಐತೆ, ಸೆನ್ಸರ್ ಐತೆ, ನೂರೆಂಟು ಕಿರಿಕಿರಿ ಐತೆ. ಪೆಟ್ರೋಲಾದ್ರೆ ಸಿಂಪಲ್.’ ಆಮೇಲೆ ನನ್ನ ಕಡೆ ತಿರುಗಿ, ‘ಕ್ಲಬ್ಬಿಗೆ ಗಾಡಿ ನಿಲ್ಸೋಕೆ ಜಾಗ ಇಲ್ಲ, ಅದು ನಮ್ಮನೆ ಮುಂದೇನೇ ಇರುತ್ತೆ. ದಿನಾ ಪಾರ್ಕ್‌ಮೋರ್‌ಗೆ ನೀನೇ ಓಡಿಸ್ತೀಯ, ಏಳು ಕಿಲೋಮೀಟ್ರು. ದೋಣಿ ಎಳೆಯೋದು ವರ್ಷಕ್ಕೆ ಎಂಟತ್ತು ದಿನ. ಆ ಎಂಟು ದಿನ ನೋಡ್ಬೇಡ ಕಣೇ, ಮಿಕ್ಕಿದ ದಿನ ನೋಡು.’

‘ನೀವು ಡಾಕ್ಟರು, ಹೊಟ್ಟೆ ನೋಡಿ. ಎಂಜಿನ್ ನಾನು ನೋಡ್ಕೊಳ್ತೇನೆ’ ಅಂದೆ. ಈ ಮಾತನ್ನು ನಂತರ ನಾನು ಬಡ್ಡಿ ಸಮೇತ ನುಂಗಬೇಕಾಯಿತು.

ನಿಜ ಹೇಳಬೇಕೆಂದರೆ ಎರಡೂ ಕಡೆ ನ್ಯಾಯವಿತ್ತು. ಮೂರು ಟನ್ ಹಿಂದೆ ಕಟ್ಟಿಕೊಂಡು ದಿಬ್ಬ ಹತ್ತುವಾಗ ಡೀಸೆಲ್ ನಿಧಾನ ಸುತ್ತಿನಲ್ಲೇ ಪೂರ್ತಿ ಬಲ ಕೊಡುತ್ತದೆ, ಅದೇ ಕೆಲಸಕ್ಕೆ ಪೆಟ್ರೋಲ್ ಎಂಜಿನ್ ಏರು ಸ್ವರದಲ್ಲಿ ಕಿರುಚಬೇಕು. ಭಾರ ಬಿದ್ದಷ್ಟೂ ಪೆಟ್ರೋಲ್ ಕುಡಿಯುವುದು ಜಾಸ್ತಿ. ಆದರೆ ಪೆಟ್ರೋಲ್ ಎಂಜಿನ್ ಚಳಿಯಲ್ಲಿ ಬೇಗ ಬಿಸಿಯಾಗುತ್ತದೆ, ಹತ್ತಿರದ ಓಡಾಟಕ್ಕೆ ಗೊಣಗುವುದಿಲ್ಲ, ಕೆಟ್ಟರೆ ರಿಪೇರಿ ಸುಲಭ. ಡೀಸೆಲಿಗೆ ಇಲ್ಲಿ ಇನ್ನೊಂದು ತಮಾಷೆಯಿದೆ. ಟ್ರ್ಯಾಕ್ಟರು, ಮೀನುಗಾರಿಕೆ ಬೋಟುಗಳಿಗೆ ತೆರಿಗೆ ಕಡಿಮೆಯ ಡೀಸೆಲ್ ಸಿಗುತ್ತದೆ, ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ. ಅದನ್ನು ರಸ್ತೆಯ ಗಾಡಿಗೆ ಹಾಕಿ ಸಿಕ್ಕಿಬಿದ್ದರೆ ಕಥೆ ಮುಗಿಯಿತು. ನಮ್ಮ ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದದ್ದು ನೆನಪಾಗಿ ಈ ದೇಶದ ಸರ್ಕಾರವೂ ನಮ್ಮ ಮನೆಯವರೇ ಎಂದು ನನಗೆ ಮೊದಲ ಸಲ ಅನ್ನಿಸಿತು.

ಗಾಡಿ ನೋಡಲು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ಗೆ ಹೋದೆವು, ನಾನು, ಪ್ರಶಾಂತ, ಪಾಡ್ರಿಕ್. ಗೋದಾಮುಗಳ ನಡುವೆ ಒಂದು ಅಂಗಳ, ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಪಿಕಪ್. ಒಂದು ಅಮೆರಿಕದಿಂದ ತರಿಸಿದ ಪೆಟ್ರೋಲಿನದು, ದಿಬ್ಬಣದ ಆನೆಯಂತೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಯಾವನೋ ರೈತ ಓಡಿಸಿದ್ದ ಡೀಸೆಲಿನದು, ಸೀಟಿನ ಸಂದಿಯಲ್ಲಿ ಇನ್ನೂ ಹುಲ್ಲು ಇತ್ತು. ಪ್ರಶಾಂತ ಪೆಟ್ರೋಲಿನದನ್ನು ಸ್ಟಾರ್ಟ್ ಮಾಡಿಸಿ ಕಣ್ಣು ಮುಚ್ಚಿ ನಿಂತರು. ‘ನೋಡೇ, ಎಷ್ಟ್ ಸೈಲೆಂಟ್ ಐತೆ!’

ನಾನು ಡೀಸೆಲ್ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ತಣ್ಣಗಿರುವಾಗ ಸ್ಟಾರ್ಟ್ ಆಗಲು ಸತಾಯಿಸುವ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಡುವ ಉಪಾಯ ಮಲ್ಪೆಯಲ್ಲೂ ಇತ್ತು. ‘ನಾವು ಊಟ ಮಾಡಿ ಬರ್ತೇವೆ, ಮೂರು ಗಂಟೆ ಹೊತ್ತು ಆಗ್ತದೆ. ಅಲ್ಲಿವರೆಗೆ ಇದನ್ನ ಮುಟ್ಟಬೇಡಿ’ ಅಂದೆ. ಮಾರುವವನ ನಗು ಒಂದು ಕ್ಷಣ ಜಾರಿತು. ಪಾಡ್ರಿಕ್ ಬೇರೆ ಕಡೆ ತಿರುಗಿ ನಕ್ಕದ್ದು ನನಗೆ ಕಂಡಿತು. ನಾವು ಹೋದೆವು, ಪಾಡ್ರಿಕ್ ಮಾತ್ರ ‘ನನಗೆ ಹಸಿವಿಲ್ಲ’ ಎಂದು ಗಾಡಿಯ ಪಕ್ಕದಲ್ಲೇ ಕಾವಲು ಕೂತ. ಮೂರು ಗಂಟೆಯ ನಂತರ ಹಿಮದಂಥ ಎಂಜಿನ್ನಿನ ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಹಿಡಿಯಿತು. ಒರಟು ಸ್ವರ, ಆದರೆ ನಾಲ್ಕೂ ಏಟು ಸಮ. ಪಾಪ, ಆ ಮನುಷ್ಯ ಅಭ್ಯಾಸಬಲದಿಂದ ಬಿಸಿ ಮಾಡಿದ್ದನಷ್ಟೆ, ಮುಚ್ಚಿಡುವಂಥದ್ದೇನೂ ಇರಲಿಲ್ಲ. ‘ಇದೇ’ ಅಂದೆ.

ಮನೆಗೆ ತಂದ ದಿನ ಬಾನೆಟ್ಟಿಗೆ ಕುಂಕುಮ ಇಟ್ಟು ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟೆ. ಪಾಡ್ರಿಕ್ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಚರ್ಚಿನ ತೀರ್ಥ ಚಿಮುಕಿಸಿದ. ಇಬ್ಬರ ದೇವರೂ ಒಪ್ಪಿದ ಮೇಲೆ ಟ್ರೈಲರ್ ಎಳೆಯುವ ಬೇರೆ ಲೈಸೆನ್ಸಿಗೆ ಕೂತೆ. ಟ್ರೈಲರ್ ಕಟ್ಟಿಕೊಂಡು ಹಿಂದಕ್ಕೆ ಬರುವಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ, ಹಟಮಾರಿ ಎಮ್ಮೆಕರು ಇದ್ದ ಹಾಗೆ. ಒಂದು ತಿಂಗಳು ಖಾಲಿ ಮೈದಾನದಲ್ಲಿ ಬೆವರಿಳಿಸಿ ಕಲಿತೆ. ಈ ಪರೀಕ್ಷೆ ಮಾತ್ರ ಮೊದಲ ಸಲಕ್ಕೇ ಪಾಸು.

ಇನ್ನು ನನ್ನ ಜಾಣತನದ ಕಥೆ. ಅಪ್ಪ ನಮ್ಮನ್ನು ಹಳೆಯ ಟೆಂಪೋದಲ್ಲಿ ಕರೆದೊಯ್ಯುವಾಗ ಇಳಿಜಾರು ಬಂದರೆ ಎಂಜಿನ್ನೇ ಆರಿಸಿಬಿಡುತ್ತಿದ್ದರು. ಮನೆಯ ಗೇಟು ಕಂಡ ತಕ್ಷಣ ಆರಿಸುವುದು, ಸದಾ ಮೇಲಿನ ಗೇರಿನಲ್ಲಿ, ಎಂಜಿನ್ನಿಗೆ ಗೊತ್ತೇ ಆಗದ ಹಾಗೆ ಓಡಿಸುವುದು. ಸಮುದ್ರದ ನಡುವೆ ಡೀಸೆಲ್ ಮುಗಿದವರ ಕಥೆ ದಿನಾ ಕೇಳುವ ಮನುಷ್ಯ, ಒಂದು ತೊಟ್ಟೂ ವ್ಯರ್ಥ ಮಾಡುತ್ತಿರಲಿಲ್ಲ. ಅದೇ ಕೈ ನನ್ನದು. ಪಾರ್ಕ್‌ಮೋರ್ ದಾರಿಯಲ್ಲಿ ಬೆಳಗಿನ ಟ್ರಾಫಿಕ್ ನಿಂತಾಗಲೆಲ್ಲ ಆರಿಸಿದೆ. ಕೆಲವು ದಿನ ಮನೆ ತಲುಪಿದಾಗ ಫ್ಯಾನ್ ಜೋರಾಗಿ ಬೀಸುತ್ತಿರುತ್ತಿತ್ತು, ಎಂಜಿನ್ನಿನ ಸ್ವರವೂ ಸ್ವಲ್ಪ ಏರಿರುತ್ತಿತ್ತು. ಅಯ್ಯೋ, ಸುಮ್ಮನೆ ಡೀಸೆಲ್ ಸುಡುತ್ತಿದೆಯಲ್ಲ ಎಂದು ತಕ್ಷಣ ಆರಿಸುತ್ತಿದ್ದೆ. ಅದೇ ಹೊತ್ತಿನಲ್ಲಿ ಗಾಡಿ ತನ್ನ ಫಿಲ್ಟರಿನಲ್ಲಿ ಕೂತ ಮಸಿಯನ್ನು ಬಿಸಿ ಮಾಡಿ ಸುಡಲು ಹೊರಟಿರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಪ್ರತಿ ಸಲ ಅದು ಗಂಟಲು ಸರಿಮಾಡಿಕೊಳ್ಳಲು ಹೊರಟಾಗ ನಾನು ಬಾಯಿ ಮುಚ್ಚಿಸುತ್ತಿದ್ದೆ.

ಆಗಸ್ಟ್ ತಿಂಗಳು, ಸ್ಪರ್ಧೆಯ ದಿನ. ದಕ್ಷಿಣದ ಕ್ಲೇರ್ ಜಿಲ್ಲೆಯ ಒಂದು ಸಣ್ಣ ಬಂದರಿಗೆ ದೋಣಿ ಒಯ್ಯಬೇಕು. ಅಲ್ಲಿನ ಇಳಿದಾಣ ಎಷ್ಟು ಗಿಡ್ಡವೆಂದರೆ ಉಬ್ಬರದ ಹೊತ್ತಿನಲ್ಲಿ ಮಾತ್ರ ದೋಣಿ ಇಳಿಸಲು ಸಾಧ್ಯ. ಹನ್ನೆರಡರೊಳಗೆ ತಲುಪಬೇಕು, ತಪ್ಪಿದರೆ ನೀರು ಹಿಂದೆ ಸರಿದು ಕೆಸರು ಮಾತ್ರ ಉಳಿಯುತ್ತದೆ. ಪಾಡ್ರಿಕ್ ಮುಂದಿನ ವರ್ಷ ಚುಕ್ಕಾಣಿ ಹಿಡಿಯುವುದಿಲ್ಲ, ಮಂಡಿ ನೋವು ಎಂದು ಹೇಳಿಬಿಟ್ಟಿದ್ದ. ಹಾಗಾಗಿ ಇದು ಅವನ ಕೊನೆಯ ಸ್ಪರ್ಧೆ, ನನ್ನ ಮೊದಲ ದೂರದ ಎಳೆತ. ನನ್ನ ಪಕ್ಕದಲ್ಲಿ ನಿಧಿ, ಹಿಂದೆ ಮೂರು ಕಾರುಗಳಲ್ಲಿ ಕ್ಲಬ್ಬಿನವರು. ಆಸ್ಪತ್ರೆಯ ಡ್ಯೂಟಿ ಇದ್ದುದರಿಂದ ಪ್ರಶಾಂತ ಬಂದಿರಲಿಲ್ಲ.

ಒಂಬತ್ತೂವರೆಗೆ, ಇನ್ನೂ ಮೋಟರ್‌ವೇ ಹತ್ತಿಲ್ಲ, ಎದುರಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ದಿಬ್ಬದಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು. ಪೆಟ್ರೋಲ್ ಬಂಕಿನ ಅಂಗಳಕ್ಕೆ ತಿರುಗಿಸಿ ನಿಲ್ಲಿಸಿದೆ. ಮೂರು ಕಾರುಗಳೂ ಹಿಂದೆಯೇ ಬಂದು ನಿಂತವು.

ನಿಧಿ ಗಾಡಿಯ ಪುಸ್ತಕ ತೆಗೆದು ದೀಪದ ಚಿತ್ರ ಹುಡುಕಿದಳು. ‘ಅಮ್ಮಾ, ಇಟ್ಸ್ ದ ಫಿಲ್ಟರ್. ಇಟ್ಸ್ ಫುಲ್.’

ಬ್ರೀಡ್ ಬಂದು ಕಿಟಕಿಗೆ ಬಗ್ಗಿದಳು. ‘ಕೆಟ್ಟ ಗಾಡಿ ಎಳೆಯೋರನ್ನ ಕರೆಸೋಣವಾ? ಎರಡು ಗಂಟೆ ಆಗುತ್ತೆ ಅಂತಾರೆ.’ ಎರಡು ಗಂಟೆ ಅಂದರೆ ಉಬ್ಬರ ಮುಗಿದಂತೆಯೇ. ಮುಂದುವರಿದು ಮೋಟರ್‌ವೇ ನಡುವೆ ನಿಂತುಹೋದರೆ ಅದಕ್ಕಿಂತ ಅಧ್ವಾನ. ಪಾಡ್ರಿಕ್ ಕಾರಿನಿಂದ ಇಳಿಯಲೇ ಇಲ್ಲ, ಸೀಟಿನಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ. ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಪ್ರಶಾಂತರ ಮಾತು ಕೇಳಿ ಪೆಟ್ರೋಲ್ ತೆಗೆದುಕೊಂಡಿದ್ದರೆ ಈ ದೀಪವೇ ಇರುತ್ತಿರಲಿಲ್ಲ.

ಅಪ್ಪನಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ, ಊಟ ಮುಗಿಸಿ ಅಡ್ಡಾಗಿದ್ದರು. ಕಥೆ ಕೇಳಿ, ‘ಸ್ವರ ಕೇಳ್ಸು’ ಅಂದರು. ಎಂಜಿನ್ ಚಾಲು ಇಟ್ಟು ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದೆ, ಆಮೇಲೆ ಹೊಗೆ ಕೊಳವೆಯ ಹತ್ತಿರ. ಎಂಟು ಸಾವಿರ ಕಿಲೋಮೀಟರ್ ಆಚೆ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಕ್ಲಬ್ಬಿನವರೆಲ್ಲ ಪೂಜೆಗೆ ನಿಂತವರಂತೆ ಸುತ್ತ ನಿಂತಿದ್ದರು.

‘ಇಂಜೆಕ್ಟರ್ ಸರಿ ಉಂಟು. ಟರ್ಬೋ ಸರಿ ಉಂಟು. ಉಸಿರು ಕಟ್ಟಿದೆ ಅಷ್ಟೇ ಮಗಾ. ನೀನು ಇದನ್ನ ದಿನಾ ಹ್ಯಾಗೆ ಓಡ್ಸೋದು?’

‘ನಿಮ್ಮ ಹಾಗೆ ಅಪ್ಪಾ.’

‘ಅದೇ ತಪ್ಪಾದ್ದು. ಬಂದರಿನ ಒಳಗೆ ಓಡ್ಸಿದ ಹಾಗೆ ಓಡ್ಸಿದ್ದೀಯ. ದಿನವಿಡೀ ಬಂದರಿನಲ್ಲಿ ಗುರುಗುರು ಅಂತ ನಿಂತ ಬೋಟಿಗೆ ಕರಿ ಹಿಡಿಯುದಿಲ್ವಾ? ಆಗ ಎಂತ ಮಾಡ್ತೇವೆ? ಅಳಿವೆ ದಾಟಿಸಿ, ಬಲೆ ಕಟ್ಟಿ, ಪೂರ್ತಿ ಬಿಡ್ತೇವೆ. ಕರಿ ಎಲ್ಲ ಉದುರಿಹೋಗ್ತದೆ. ನಿನ್ನ ಹಿಂದೆ ಮೂರು ಟನ್ ಉಂಟಲ್ಲ, ಅದು ಒಳ್ಳೇದೇ. ಕೆಳಗಿನ ಗೇರಿಗೆ ಹಾಕು, ಕಿರುಚಲಿ. ಕನಿಕರ ಮಾಡ್ಬೇಡ.’

ಅಳಿವೆ ಅಂದರೆ ಹೊಳೆ ಸಮುದ್ರ ಸೇರುವ ಬಾಯಿ. ಅದನ್ನು ದಾಟುವವರೆಗೆ ಬೋಟು ಮೆಲ್ಲಗೆ, ಆಮೇಲೆ ಬಿಡುಗಡೆ. ನಿಧಿ ಪುಸ್ತಕದ ಅದೇ ಪುಟ ಓದಿ, ಅಜ್ಜ ಹೇಳಿದ್ದೇ ಇಲ್ಲಿಯೂ ಇದೆ, ಇಪ್ಪತ್ತು ನಿಮಿಷ ಏರು ಸುತ್ತಿನಲ್ಲಿ ನಿಲ್ಲಿಸದೆ ಓಡಿಸಬೇಕಂತೆ ಎಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು. ನಾನು ಬ್ರೀಡ್‌ಗೆ ಹೇಳಿದೆ, ‘ಹೋಗೋಣ. ಆಗದಿದ್ದರೆ ತಪ್ಪು ನನ್ನದು.’ ಪಾಡ್ರಿಕ್ ತಾನು ಕೂತಿದ್ದ ಕಾರು ಬಿಟ್ಟು ಕುಂಟುತ್ತ ಬಂದು ನನ್ನ ಗಾಡಿಯ ಹಿಂದಿನ ಸೀಟಿಗೆ ಹತ್ತಿ ಕೂತ.

ಮೋಟರ್‌ವೇ ಹತ್ತಿದೆ. ಟ್ರೈಲರ್ ಇದ್ದವರಿಗೆ ಇಲ್ಲಿ ಎಂಬತ್ತೇ ಮಿತಿ. ಆ ವೇಗಕ್ಕೆ ನನ್ನ ಕೈ ತಾನಾಗಿ ಆರನೇ ಗೇರಿಗೆ ಹೋಗುತ್ತಿತ್ತು. ಹಲ್ಲು ಕಚ್ಚಿ ನಾಲ್ಕಕ್ಕೆ ಇಳಿಸಿದೆ. ಎಂಜಿನ್ ಕೂಗಿಕೊಂಡಿತು. ಜೀವಮಾನದಲ್ಲಿ ಯಾವ ಎಂಜಿನ್ನನ್ನೂ ನಾನು ಇಷ್ಟು ಗೋಳು ಹೊಯ್ದುಕೊಂಡಿರಲಿಲ್ಲ. ಐದು ನಿಮಿಷ. ಹತ್ತು ನಿಮಿಷ. ಸುಟ್ಟ ವಾಸನೆ ಒಳಗೆ ಬಂತು, ಹಿಂದಿನ ಕಾರುಗಳು ಸ್ವಲ್ಪ ದೂರ ಸರಿದವು. ಹದಿನೈದು ನಿಮಿಷ. ದೀಪ ಹಾಗೆಯೇ ಇದೆ. ನಿಧಿ ನನ್ನ ಮೊಣಕೈ ಮುಟ್ಟಿ, ‘ಯು’ಆರ್ ಗ್ರ್ಯಾಂಡ್, ಅಮ್ಮಾ’ ಅಂದಳು. ಅದಾಗಿ ಸ್ವಲ್ಪ ಹೊತ್ತಿಗೆ ಉದ್ದನೆಯ ಏರಿನ ನಡುವೆ ಎಂಜಿನ್ನಿನ ಸ್ವರ ಸಡಿಲವಾಯಿತು. ಕಿವಿಗೆ ಮೊದಲು ಗೊತ್ತಾಯಿತು, ದೀಪ ಆರಿದ್ದು ಅದರ ನಂತರ. ಗಾಡಿ ಮೂರು ಟನ್ನನ್ನು ಹೊತ್ತುಕೊಂಡು ಏರಿನ ಮೇಲೆ ಸರಾಗ ಹತ್ತಿತು. ಹಿಂದಿನ ಸೀಟಿನಿಂದ ಪಾಡ್ರಿಕ್, ‘ನಾಟ್ ಬ್ಯಾಡ್’ ಅಂದ. ನಾನು ಅತ್ತುಬಿಟ್ಟೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಂದರು ಸೇರಿದೆವು. ದಂಡೆಯ ಗೋಡೆಯ ಮೇಲೆ ಸಾಲಾಗಿ ಕೂತ ಗಂಡಸರು ಮಾತು ನಿಲ್ಲಿಸಿ ನೋಡಿದರು, ಇವಳು ಹಿಂದಕ್ಕೆ ಹೇಗೆ ತರುತ್ತಾಳೋ ಎಂದು. ಆ ಕಿರಿದಾದ ಇಳಿದಾಣದಲ್ಲಿ ಒಂದೇ ಸಲಕ್ಕೆ, ನೂಲು ಹಿಡಿದಂತೆ ನೇರವಾಗಿ ನೀರಿನ ಅಂಚಿಗೆ ಟ್ರೈಲರ್ ಇಳಿಸಿದೆ. ಗೋಡೆಯ ಮೇಲಿನವರು ಮತ್ತೆ ಮಾತು ಶುರುಮಾಡಿದರು. ಇಲ್ಲಿ ಅದಕ್ಕಿಂತ ದೊಡ್ಡ ಚಪ್ಪಾಳೆ ಇಲ್ಲ. ಕಪ್ಪು ದೋಣಿ ನೀರಿಗೆ ಜಾರಿತು, ಕಲ್ಲು ತುಂಬಿದರು, ಕಂದು ಹಾಯಿ ಏರಿಸಿದರು. ಪಾಡ್ರಿಕ್ ನನ್ನನ್ನೂ ಕರೆದ. ಸಮುದ್ರದ ದಂಡೆಯಲ್ಲಿ ಬೆಳೆದವಳು, ಆದರೆ ನಮ್ಮ ಮನೆಯಲ್ಲಿ ಹೆಂಗಸರು ಬೋಟು ಹತ್ತುತ್ತಿರಲಿಲ್ಲ. ಅವತ್ತು ಹತ್ತಿದೆ. ಆರು ದೋಣಿಗಳಲ್ಲಿ ನಮ್ಮದು ಐದನೆಯದಾಗಿ ಬಂತು. ಪಾಡ್ರಿಕ್ ಗೆದ್ದವನಂತೆ ಟೋಪಿ ಬೀಸಿದ.

ಮನೆಗೆ ಬಂದು ಪ್ರಶಾಂತರಿಗೆ, ‘ನೀವು ಹೇಳಿದ್ದೂ ಸರಿ ಇತ್ತು’ ಅಂದೆ. ಎಳೆಯುವ ದಿನಕ್ಕೆ ಡೀಸೆಲ್ಲೇ ಸರಿ, ಉಳಿದ ದಿನಗಳಿಗೆ ಪೆಟ್ರೋಲೇ ಸರಿ. ಡೀಸೆಲ್ ಕೊಂಡವರು ವಾರಕ್ಕೊಮ್ಮೆಯಾದರೂ ಅದನ್ನು ಅಳಿವೆ ದಾಟಿಸಬೇಕು. ಅವರು ದೊಡ್ಡ ಮನಸ್ಸಿನಿಂದ ನಗದೇ ಇದ್ದರು, ಎರಡು ನಿಮಿಷ.

ಮಾರನೇ ದಿನ ಅಪ್ಪನಿಗೆ ಸ್ಪರ್ಧೆಯ ವಿಡಿಯೋ ಕಳಿಸಿ, ದಾರಿಯಲ್ಲಿ ನಡೆದದ್ದನ್ನೆಲ್ಲ ಬರೆದೆ. ಫೋನು ಮಾಡಿದವರು ಮೊದಲು ಕೇಳಿದ್ದು, ‘ಮೈಲೇಜ್ ಎಷ್ಟು ಬಂತು?’ ಹೇಳಿದೆ. ಆಮೇಲೆ ಗಂಟಲು ಸರಿಮಾಡಿಕೊಂಡರು.

‘ಕರಿ ಉದುರಿದ್ದು ದೀಪ ಆರುವ ಮೊದಲೇ ನಿಂಗೆ ಗೊತ್ತಾಯ್ತು ಅಂದಿಯಲ್ಲ, ಅದು ಎಲ್ರಿಗೂ ಗೊತ್ತಾಗುದಿಲ್ಲ. ನಿನ್ನ ತಮ್ಮನಿಗೂ ಗೊತ್ತಾಗುದಿಲ್ಲ. ನಿನ್ನನ್ನ ಶೆಡ್ಡಿನ ಒಳಗೆ ಬಿಡ್ಬೇಕಿತ್ತು ಮಗಾ.’

‘ಈಗ ಹೇಳಿ ಎಂತ ಪ್ರಯೋಜನ ಅಪ್ಪಾ?’ ಅಂದೆ. ಹೆಮ್ಮೆ, ಸಿಟ್ಟು ಎರಡೂ ಒಟ್ಟಿಗೆ ಬಂದಿತ್ತು, ಬಚ್ಚಿಡಲಿಲ್ಲ.

‘ಬಾಗಿಲ ಹತ್ರ ಒಂದು ಡ್ರಮ್ ಇತ್ತಲ್ಲ, ಅದನ್ನ ಒಳಗೆ ಇಡ್ಸಿದ್ದೇನೆ. ಬಂದಾಗ ಕೂತ್ಕೋ.’

ಈಗ ಕೆಲವು ಸಂಜೆ ಪಾರ್ಕ್‌ಮೋರ್‌ನಿಂದ ಬಂದು ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಫ್ಯಾನ್ ಜೋರಾಗಿ ಬೀಸುತ್ತಿರುತ್ತದೆ. ಬಲಗೈ ಈಗಲೂ ಕೀಲಿಯ ಕಡೆಗೇ ಹೋಗುತ್ತದೆ. ಎಡಗೈಯಿಂದ ಅದನ್ನು ಹಿಡಿದು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ನಿಧಿ ಬಾಗಿಲು ತೆರೆದು, ‘ಅಮ್ಮಾ, ಆರ್ ಯು ಕಮಿಂಗ್ ಇನ್?’ ಎಂದು ಕೂಗುತ್ತಾಳೆ. ‘ಬಂದೆ, ಹತ್ತು ನಿಮಿಷ’ ಅನ್ನುತ್ತೇನೆ. ಇಲ್ಲಿಯೂ ಒಳಗೆ ಬಾ ಅನ್ನುತ್ತಾರೆ, ಅಲ್ಲಿಯೂ ಈಗ ಒಳಗೆ ಬಾ ಅನ್ನುತ್ತಿದ್ದಾರೆ. ನಾನು ಬಾಗಿಲ ಹೊರಗೆ ಕೂತು ಎಂಜಿನ್ನಿನ ಸ್ವರ ಕೇಳುತ್ತಿರುತ್ತೇನೆ, ಚಿಕ್ಕವಳಿದ್ದಾಗ ಆ ಡ್ರಮ್ಮಿನ ಮೇಲೆ ಕೂತು ಕೇಳುತ್ತಿದ್ದ ಹಾಗೆಯೇ.